ಥಂಡಿ ಹತ್ತದ ಕಾಲು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲು ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಬೆಟಗೇರಿಯ ನೇಕಾರರ ಮನೆಯವನು. ಬ್ರಾಹ್ಮಣರ ಶ್ರಾದ್ಧದ ಪಂಕ್ತಿಯಲ್ಲಿ ನಾನು ಕೂತವನಲ್ಲ, ಕೂರುವ ಹಕ್ಕಿನವನೂ ಅಲ್ಲ. ಹಗಲು ಗದಗಿನ ಹತ್ತಿ ಮಾರಾಟದ ಸೊಸೈಟಿಯಲ್ಲಿ ಗುಮಾಸ್ತಿಕೆ ಮಾಡಿ, ಸಂಜೆ ತರಗತಿಗಳಲ್ಲಿ ಕಲಿತ ಕನ್ನಡ ನನ್ನದು. ಇನ್ನೊಬ್ಬ ಮನುಷ್ಯನ ಒಳಗನ್ನು ಬರೆಯಲು ಅದು ಸಾಕಾಗುತ್ತದೆಯೇ ಎಂಬ ಅಳುಕು ಈಗಲೂ ಇದೆ. ಪ್ರಲ್ಹಾದರಾಯರು ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವರು. ಬೆಳಗಿನ ನಡಿಗೆಗೆ ಅವರ ಜೊತೆ ಹೋಗುತ್ತಿದ್ದವನು ನಾನೇ. ಆ ನಡಿಗೆಯಲ್ಲಿ ಅವರು ತುಂಡು ತುಂಡಾಗಿ ಹೇಳಿದ್ದು ಸ್ವಲ್ಪ. ಉಳಿದದ್ದು ನನ್ನ ಊಹೆ, ಅದು ತಪ್ಪಿದ್ದರೆ ತಪ್ಪು ನನ್ನದು. ಎದುರಿಗೆ ಯಾವಾಗಲೂ ‘ರಾಯರೇ’ ಎಂದವನು ಇಲ್ಲಿ ‘ಅವನು’ ಎಂದು ಬರೆದಿದ್ದೇನೆ. ಹಾಗೆ ಬರೆಯದೆ ಆ ಮೈಯೊಳಗೆ ಹೋಗುವುದು ನನ್ನಿಂದ ಆಗಲಿಲ್ಲ.

ಪುಷ್ಯಮಾಸದ ಆ ಬೆಳಗು ತೊಟ್ಟಿಯಲ್ಲಿ ಕೂತಾಗ ಪ್ರಲ್ಹಾದನಿಗೆ ತನ್ನ ಹೊಟ್ಟೆ ತನ್ನದಲ್ಲ ಅನ್ನಿಸಿತು. ಅದು ನೀರಿನಲ್ಲಿ ಸ್ವಲ್ಪ ಮೇಲೆದ್ದು, ಯಾರೋ ಇಟ್ಟು ಮರೆತುಹೋದ ಗಂಟಿನಂತೆ, ಅವನು ಉಸಿರು ಬಿಟ್ಟಾಗ ಒಮ್ಮೆ ಅತ್ತ ಒಮ್ಮೆ ಇತ್ತ ಅಲುಗುತ್ತಿತ್ತು. ಜನಿವಾರ ಅದರ ಮೇಲೆ ತೇಲುತ್ತಿತ್ತು. ರಾತ್ರಿಯೆಲ್ಲ ಬಯಲಿನಲ್ಲಿಟ್ಟು ತಣಿಸಿದ ನೀರು ಹೊಕ್ಕಳಿಗೆ ತಾಗಿದಾಗ ಎದೆಯೊಳಗಿನ ಗಾಳಿಯೆಲ್ಲ ಒಂದೇ ಸಲ ಹೊರಗೆ ಬಂದು, ತಾನು ಕೂಗಿದೆನೋ ಇಲ್ಲವೋ ತಿಳಿಯದೆ ಅವನು ಸುತ್ತ ನೋಡಿದ. ಕುಬೇರಪ್ಪ ಮಾಸ್ತರರು ಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದರು. ಒಂದು ಕಾಲಕ್ಕೆ ಸಾಲಿಯಲ್ಲಿ ಡ್ರಿಲ್ ಕಲಿಸಿದವರು. ನಿವೃತ್ತರಾದ ಮೇಲೆ ಯಾವುದೋ ಶಿಬಿರಕ್ಕೆ ಹೋಗಿಬಂದು, ಬೆಟಗೇರಿಯ ತಮ್ಮ ಹಿತ್ತಲಿನಲ್ಲಿ, ಹಿರಿಯರು ನೂಲಿಗೆ ಬಣ್ಣ ಹಾಕುತ್ತಿದ್ದ ಕಲ್ಲಿನ ತೊಟ್ಟಿಯಲ್ಲಿ, ದಪ್ಪ ಮೈಯವರನ್ನೂ ಸಕ್ಕರೆ ಬೇನೆಯವರನ್ನೂ ಕೂಡಿಸಿ ತಣ್ಣೀರ ಚಿಕಿತ್ಸೆ ಮಾಡುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ಅವರ ಬೈಗುಳಕ್ಕೂ ಯಾರೂ ತಿರುಗಿ ಏನೂ ಅನ್ನುತ್ತಿರಲಿಲ್ಲ. “ಮೈ ಅಂದ್ರ ಒಂದು ಒಲಿ, ರಾಯರ,” ಎಂದರು ಅವರು, ದಿನಾ ಅನ್ನುವುದನ್ನೇ. “ಹೊರಗ ಥಂಡಿ ಆತಂದ್ರ ಒಲಿ ತಾನ ಉರೀಬೇಕು. ಉರೀಬೇಕಂದ್ರ ಕಟ್ಟಿಗಿ ಬೇಕು. ನಿಮ್ಮ ಹೊಟ್ಟ್ಯಾಗ ಕಟ್ಟಿಗಿ ಒಟ್ಟೀರಲ್ಲ ಮೂರು ತಲಿಮಾರಿಂದು, ಅದು ಸುಡಬೇಕು. ಅಲುಗಾಡಬ್ಯಾಡ್ರಿ. ಅಲುಗಾಡಿದ್ರ ನೀರು ಬೆಚ್ಚಗಾಗತೈತಿ.”

ಹಿತ್ತಲಿನ ಮುರಿದ ಗೋಡೆಯ ಆಚೆ ನಳದ ಮುಂದೆ ಕೊಡಗಳ ಸಾಲು. ನಳಕ್ಕೆ ನೀರು ಬಂದು ಎಷ್ಟು ದಿನವಾಗಿತ್ತೋ, ಇವತ್ತು ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಕತ್ತಲಿರುವಾಗಲೇ ಕೊಡಗಳು ಬಂದು ಕೂತಿದ್ದವು. ಕೊಡಗಳ ಹಿಂದೆ ಹೆಂಗಸರು. ಹನಮಂತವ್ವ ಗೋಡೆಯ ಮೇಲಿಂದ ಇಣುಕಿ, ಎಲ್ಲರಿಗೂ ಕೇಳುವ ಹಾಗೆ, “ಯವ್ವಾ ನೋಡ್ರೇ, ನಮ್ಮ ಮನ್ಯಾಗ ಹಿಟ್ಟು ಕಲಸಾಕ ನೀರಿಲ್ಲ. ಇಲ್ಲಿ ಸ್ವಾಮಿ ಕುಂಡಿ ತಂಪ ಮಾಡ್ಕೊಳ್ಳಾಕ ತೊಟ್ಟಿ ತುಂಬ ನೀರು,” ಎಂದಳು. ಆ ಕಡೆ ನಗೆ ಎದ್ದಿತು. “ಬಾವಿ ನೀರದು ಲೇ, ಕುಡ್ಯಾಕ ಬರೂದಿಲ್ಲ, ಗಡಸೈತಿ,” ಎಂದು ಕುಬೇರಪ್ಪ ಕೂಗಿದರು. “ಕುಡ್ಯಾಕ ಬರದಿದ್ರ ಅರಬಿ ಒಗ್ಯಾಕ ಬರ್ತೈತಿ, ಮಾಸ್ತರ. ರಾಯರು ಎದ್ದ ಮ್ಯಾಲೆ ಚೆಲ್ಲಬ್ಯಾಡ್ರಿ, ನನಗ ಬಿಡ್ರಿ.” ಅವನು ಎದ್ದ ಮೇಲೆ ಅವಳು ಬಕೆಟ್ಟು ತಂದು, ಅವನು ಕೂತಿದ್ದ ನೀರನ್ನು ತುಂಬಿಕೊಂಡು ಹೋಗುತ್ತಿದ್ದಳು. ಮೊದಮೊದಲು ಪ್ರಲ್ಹಾದನಿಗೆ ಅದನ್ನು ನೋಡಿ ಏನೋ ಆಗುತ್ತಿತ್ತು. ತನ್ನ ಮೈಯ ಬಿಸುಪು ಆ ನೀರಿನಲ್ಲಿ ಇಳಿದಿದೆ, ಅದು ಇನ್ನು ಯಾರದೋ ಸೀರೆಗೆ, ಯಾರದೋ ಕೂಸಿನ ದುಪಟಿಗೆ ಹೋಗುತ್ತದೆ. ಮೂರು ತಲೆಮಾರಿನ ಕಟ್ಟಿಗೆ ಎಂದು ಮಾಸ್ತರರು ಚೇಷ್ಟೆಗೆ ಅಂದದ್ದು ಅವನಿಗೆ ಚೇಷ್ಟೆಯಾಗಿ ಕೇಳುತ್ತಿರಲಿಲ್ಲ. ಆ ಹೊಟ್ಟೆಯಲ್ಲಿದ್ದದ್ದು ಹೆಚ್ಚಿನಂಶ ಬೇರೆಯವರ ಸತ್ತವರು.

ಅಪ್ಪನಿಗೆ ಅದೇ ಹೆಸರಿತ್ತು. ಗದಗಿನಿಂದ ಶಿರಹಟ್ಟಿಯವರೆಗೆ, ಮುಂಡರಗಿಯವರೆಗೆ, ತಂದೆ-ತಾಯಿಯ ಶ್ರಾದ್ಧಕ್ಕೆ ಬ್ರಾಹ್ಮಣರನ್ನು ಕರೆಯುವವರು ಮೊದಲು ಅಪ್ಪನನ್ನೇ ಕೇಳುತ್ತಿದ್ದರು. ಸತ್ತವರ ಜಾಗದಲ್ಲಿ ಕೂತು, ಅವರೇ ಬಂದರೆಂದು ಕಾಲು ತೊಳೆಸಿಕೊಂಡು, ಮಾತಾಡದೆ ತಲೆ ಎತ್ತದೆ ಎಲೆ ತುಂಬ ಉಂಡು, ಕೊನೆಗೆ ತೃಪ್ತಿಯಾಯಿತು ಎಂದು ಒಂದು ಮಾತು ಹೇಳಿ ಏಳುವುದು. ಅಪ್ಪ ಉಂಡರೆ ಉಣಿಸಿದವರಿಗೆ ಸಮಾಧಾನ. “ನಮ್ಮಪ್ಪ ಹೊಟ್ಟಿ ತುಂಬ ಉಂಡ್ರು,” ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಪ್ಪನ ಹೊಟ್ಟೆ ಮನೆತನದ ಗೌರವವಾಗಿತ್ತು. ಅಪ್ಪ ಹೋದ ಮೇಲೆ ಜನ ಪ್ರಲ್ಹಾದನ ಹೊಟ್ಟೆಯನ್ನು ನೋಡಿ, ಮನೆತನ ನಿಂತಿಲ್ಲ ಎಂದು ಸಂತೋಷಪಟ್ಟರು. ಶ್ರಾದ್ಧಗಳು ಹೆಚ್ಚಿರುವ ಪಕ್ಷಮಾಸದಲ್ಲಿ ಅವನು ಮಧ್ಯಾಹ್ನ ರಜೆ ಕೇಳಿದರೆ ಆಫೀಸಿನಲ್ಲಿ ನಜೀರಸಾಬ, “ಏನು ರಾಯರ, ಇವತ್ತು ಯಾರ ಮುತ್ಯಾ ಆಗಾಕ ಹೊಂಟೀರಿ?” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಪ್ರಲ್ಹಾದನೂ ನಗುತ್ತಿದ್ದ, ಎಲ್ಲರಿಗಿಂತ ತುಸು ಮೊದಲೇ ಶುರುಮಾಡಿ. ಆಮೇಲೆ ಒಂದು ದಿನ ಬಾಯಾರಿಕೆ. ಎಷ್ಟು ಕುಡಿದರೂ ಹೋಗದ ಬಾಯಾರಿಕೆ. ಬಚ್ಚಲಿನಲ್ಲಿ ಇರುವೆಗಳ ಸಾಲು ಕಂಡು ಹೆಂಡತಿ ವಿಮಲಾಬಾಯಿ ಅವನ ಮುಖ ನೋಡಿದಳು. ಡಾಕ್ಟರರು ಸಕ್ಕರೆ ಎಷ್ಟಿದೆ ನೋಡಲು ಉಚ್ಚೆಯನ್ನು ನೀಲಿ ನೀರಿನ ನಳಿಗೆಯಲ್ಲಿ ಹಾಕಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಅಲ್ಲಿಗೇ ನಿಂತೀತು ಎಂದು ಅವನು ನೋಡುತ್ತಿದ್ದ ಹಾಗೆ ಅದು ಸುಟ್ಟ ಇಟ್ಟಂಗಿಯ ಬಣ್ಣಕ್ಕೆ ಬಂತು. ಅಷ್ಟು ಚೆಂದದ ಬಣ್ಣ ತನ್ನೊಳಗೆ ಇತ್ತೇ ಎಂದು ಒಂದು ಕ್ಷಣ ಅನ್ನಿಸಿದ್ದಕ್ಕೆ ಅವನಿಗೆ ಈಗಲೂ ನಾಚಿಕೆ. “ತೂಕ ಇಳಸ್ರಿ. ನಡೀರಿ. ಸೀ ಬಿಡ್ರಿ. ಇಲ್ಲಂದ್ರ ಕಣ್ಣು, ಕಾಲು, ಯಾವುದು ಮೊದಲು ಹೋಗ್ತದ ಹೇಳಲಿಕ್ಕಾಗೂದಿಲ್ಲ,” ಎಂದರು ಡಾಕ್ಟರರು, ಬಸ್ಸಿನ ಹೊತ್ತು ಹೇಳುವವರ ದನಿಯಲ್ಲಿ.

ಅವನು ಬಿಟ್ಟ. ಬಿಡಲಿಕ್ಕಾಗುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಅನ್ನ ಬಿಟ್ಟು ಜೋಳದ ರೊಟ್ಟಿ, ಚಹಾದಲ್ಲಿ ಸಕ್ಕರೆ ಬಿಟ್ಟು, ಆಮೇಲೆ ಚಹಾವನ್ನೇ ಬಿಟ್ಟು, ಶ್ರಾದ್ಧಕ್ಕೆ ಕರೆಯಲು ಬಂದವರಿಗೆ ಬೆನ್ನು ನೋವು, ಆಡಿಟ್ಟು, ಸೂತಕ, ಏನೇನೋ ಹೇಳಿ, ಸುಳ್ಳು ಹೇಳಿದ ನಾಲಿಗೆಗೆ ಶಿಕ್ಷೆಯೆಂದು ಆ ಹೊತ್ತಿನ ರೊಟ್ಟಿಯಲ್ಲೂ ಒಂದು ಬಿಟ್ಟ. ಬೆಳಗ್ಗೆ ಎದ್ದು ತೊಟ್ಟಿ. ತೊಟ್ಟಿಯಿಂದ ಎದ್ದು, ಮಾಸ್ತರರ ಕಟ್ಟಪ್ಪಣೆಯಂತೆ, ಬಿಸಿನೀರನ್ನಾಗಲಿ ಒಲೆಯನ್ನಾಗಲಿ ಮುಟ್ಟದೆ, ನಡುಕ ನಿಂತು ಬೆವರು ಬರುವವರೆಗೆ ಲಕ್ಕುಂಡಿ ದಾರಿಯಲ್ಲಿ ಬಿರುಸು ನಡಿಗೆ. ನಾನು ಜೊತೆಗೆ ಹೋಗುತ್ತಿದ್ದದ್ದು ಆಗ. ಧೋತರ ಮೇಲೆ ಕಟ್ಟಿ ಅವರು ನಡೆಯುತ್ತಿದ್ದರೆ ನಾನು ಓಡಬೇಕಾಗುತ್ತಿತ್ತು. ಮೈ ಇಳಿಯಿತು. ನಳಿಗೆಯ ಬಣ್ಣ ಇಟ್ಟಂಗಿಯಿಂದ ಹಳದಿಗೆ, ಒಂದು ಸಲ ಹಸಿರಿಗೂ ಬಂತು. ಆ ದಿನ ಅವನು ಮನೆಗೆ ಬಂದು ವಿಮಲಾಬಾಯಿಗೆ, ಮಗನ ಪಾಸಿನ ಸುದ್ದಿ ಹೇಳುವಂತೆ, “ಹಸಿರು!” ಎಂದ. ಎಲ್ಲಕ್ಕಿಂತ ಹೆಚ್ಚು ಅವನಿಗೆ ಹೆಮ್ಮೆಯಾಗಿದ್ದದ್ದು ಇನ್ನೊಂದು. ಮೊದಲು ತೊಟ್ಟಿಗೆ ಕಾಲಿಟ್ಟರೆ ಕಾಲು ಕತ್ತರಿಸಿದಂತೆ ಆಗುತ್ತಿತ್ತು. ಬರಬರುತ್ತ ಹೊಟ್ಟೆಗೆ, ಬೆನ್ನಿಗೆ ಥಂಡಿ ಹತ್ತುತ್ತಿತ್ತು, ಕಾಲಿಗೆ ಹತ್ತದಾಯಿತು. ಈ ಪುಷ್ಯದ ಥಂಡಿಯಲ್ಲೂ ಅವನ ಪಾದಗಳು ಸುಮ್ಮನೆ ನೀರಿನ ತಳದಲ್ಲಿ ಇರುತ್ತಿದ್ದವು. “ನೋಡ್ರಿ, ಕಾಲು ಗೆದ್ದಾವು,” ಎಂದು ಮಾಸ್ತರರು ಬೇರೆ ದಪ್ಪ ಮೈಯವರಿಗೆ ಅವನ ಪಾದಗಳನ್ನು ತೋರಿಸಿದ್ದರು. “ಮೊದಲು ಕಾಲು ಗೆಲ್ಲತಾವು, ಆಮ್ಯಾಲೆ ಮೈ. ಕಲೀರಿ ರಾಯರನ್ನ ನೋಡಿ.” ಹುಟ್ಟಿದಾಗಿನಿಂದ ಯಾರೂ ಅವನ ಮೈಯನ್ನು, ಉಣ್ಣುವ ಕೆಲಸವೊಂದನ್ನು ಬಿಟ್ಟು, ಇನ್ನು ಯಾತಕ್ಕೂ ಹೊಗಳಿರಲಿಲ್ಲ.

ಇವತ್ತು ತೊಟ್ಟಿಯಿಂದ ಏಳುವಾಗ ಎಡಗಾಲಿನ ಹೆಬ್ಬೆರಳ ಬದಿಗೆ ಹುಣಸೆಬೀಜದಷ್ಟು ಗಾಯ ಕಂಡಿತು. ಹೊಸ ಚಪ್ಪಲಿ ಕಚ್ಚಿದ್ದಿರಬೇಕು. ಯಾವತ್ತು ಕಚ್ಚಿತೋ ನೆನಪಾಗಲಿಲ್ಲ. ಅಂಚು ಕರ್ರಗಾಗಿತ್ತು, ನೋವು ಇರಲಿಲ್ಲ. ನೋವಿಲ್ಲದಿದ್ದರೆ ಅದೆಂಥ ಗಾಯ ಎಂದು ಅರಿವೆಯಿಂದ ಒರೆಸಿಕೊಂಡ. ನಡಿಗೆಗೆ ಇವತ್ತು ಹೊತ್ತಿರಲಿಲ್ಲ. ಲಕ್ಷ್ಮೇಶ್ವರದ ಬಸ್ಸು ಹಿಡಿಯಬೇಕಿತ್ತು.

ಗುಂಡಾಚಾರ್ಯರು ಬಂದು ಕೂತದ್ದು ಹಿಂದಿನ ವಾರ. ಅವರು ಪೌರೋಹಿತ್ಯದವರು, ಅಪ್ಪನ ಕಾಲದವರು. ಅವರಿಗೆ ಬೆನ್ನುನೋವು, ಆಡಿಟ್ಟು ಹೇಳಲು ಬಾಯಿ ಬರಲಿಲ್ಲ. “ಲಕ್ಷ್ಮೇಶ್ವರದ ಬಿಂದುರಾಯರದು, ಸಾಲಿ ಮಾಸ್ತರಿದ್ದರಲ್ಲ, ಅವರ ವರ್ಷದ ಶ್ರಾದ್ಧ. ನಿನಗ ಗೊತ್ತಿರಲಿಕ್ಕಿಲ್ಲ. ಅವರಿಗೆ ಸಕ್ಕರೀ ಬ್ಯಾನಿ ಇತ್ತು. ಹೆಂಡತಿ ಜಾನಕೀಬಾಯಿ ಭಾಳ ಕಟ್ಟುನಿಟ್ಟು. ಡಾಕ್ಟರು ಹೇಳಿದ್ದಕ್ಕ ಕೊನೀ ವರ್ಷಗಳೊಳಗ ಒಂದು ಬೆಲ್ಲದ ಹರಳು ಸಹಿತ ಕೊಡಲಿಲ್ಲ ಆಕಿ. ಡಬ್ಬಿಗೆ ಕೀಲಿ ಹಾಕಿ ಕೀಲಿ ಕೊರಳಾಗ ಹಾಕ್ಕೊಂಡಿದ್ದಳು. ಪ್ರಾಣ ಹೋಗೂ ಮುಂದ ಆ ಮನುಷ್ಯ ಹುಗ್ಗಿ, ಹುಗ್ಗಿ ಅಂತ ಬಡಬಡಿಸಿದನಂತ.” ಆಚಾರ್ಯರು ನಶ್ಯ ಏರಿಸಿದರು. “ಈಗ ಆಕಿದು ಒಂದ ಹಟ. ಎಲ್ಲಾ ಮಾಡಿ ಬಡಸ್ತೀನಿ, ಹೊಟ್ಟಿ ತುಂಬ ಉಣ್ಣೂ ಬ್ರಾಹ್ಮಣನ್ನ ಕರ್ಕೊಂಡು ಬರ್ರಿ ಅಂತಾಳ. ಈಗಿನ ಹುಡುಗರು ಒಂದು ವಡಿ ತಿಂದು ಕೈ ತೊಳೀತಾರ. ನಿಮ್ಮಪ್ಪ ಇದ್ದಿದ್ರ ನಿನ್ನ ಕೇಳಲಿಕ್ಕೆ ಬರ್ತಿದ್ದಿಲ್ಲ. ನೀ ಇಳದೀಯಲ್ಲೋ, ಏನಾಗೇದ ನಿನಗ?” ಪ್ರಲ್ಹಾದ ಏನೂ ಆಗಿಲ್ಲ ಎಂದ. ರೋಗಿಯಾದವನು ಪಿತೃಗಳ ಜಾಗದಲ್ಲಿ ಕೂರಬಾರದು. ಆಗಿದೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆಚಾರ್ಯರ ಬಾಯಿಂದ ಅದು ಊರೂರಿಗೆ ಹೋಗುತ್ತಿತ್ತು, ಆ ಮನೆತನದ ಹೊಟ್ಟೆ ಕೆಟ್ಟಿದೆಯೆಂದು. ಬರುತ್ತೇನೆ ಎಂದುಬಿಟ್ಟ. ಒಳಗೆ ವಿಮಲಾಬಾಯಿಯ ಲಟ್ಟಣಿಗೆ ನಿಂತಿತು.

ಆಕೆ ಜಗಳವಾಡಲಿಲ್ಲ. ಇವತ್ತು ಬೆಳಿಗ್ಗೆ, ಅವನು ತೊಟ್ಟಿಯಿಂದ ಬಂದು ಮಡಿ ಧೋತರದ ಗಂಟು ಹಿಡಿದು ಹೊಸ್ತಿಲು ದಾಟುವಾಗ, ಬಾಗಿಲಿಗೆ ಒರಗಿ, “ಎರಡು ತುತ್ತು,” ಎಂದಳು. “ಎಂಜಲ ಮಾಡಿ ಏಳ್ರಿ. ಎಲಿ ಮ್ಯಾಲೆ ಕೈ ಅಡ್ಡ ಇಡ್ರಿ. ಬಾಯಿ ಬಿಡೂ ಹಂಗಿಲ್ಲಂದ್ರೂ ಕೈ ಇಡಬಹುದಲ್ಲ?” “ಇಡ್ತೀನಿ.” “ನನ್ನ ಮ್ಯಾಲೆ ಆಣಿ ಮಾಡ್ರಿ.” “ಹೊರಗ ಹೊಂಟಾಗ ಇದೇನಽ.” “ನಾ ಏನು ತಲಿ ಬೋಳಿಸ್ಕೊಂಡು ಕೆಂಪು ಸೀರಿ ಉಟ್ಟು ಕೂಡ್ರಲಿ ಅಂತೀರೇನು? ಈಗ ಯಾರೂ ಬೋಳಸೂದಿಲ್ಲ, ಖರೆ. ಆದ್ರ ಕೂಡ್ರೂದು ಕೂಡ್ರೂದ.” ಆಕೆ ಇದನ್ನು ಅಳದೆ ಹೇಳಿದಳು. ಅವನು ಆಕೆಯ ತಲೆ ಮುಟ್ಟಿ ಆಣೆ ಮಾಡಿದ. ಬಸ್ಸಿನಲ್ಲಿ ಕೂತ ಮೇಲೂ ಅಂಗೈಗೆ ಎಣ್ಣೆಯ ಜಿಡ್ಡು ಇತ್ತು.

ಶಿರಹಟ್ಟಿಯ ಹತ್ತಿರ ಬಸ್ಸು ಬಹಳ ಹೊತ್ತು ನಿಂತಿತು. ಹಿಂದಿನ ರಾತ್ರಿಯಿಂದ ಅವನು ಏನೂ ತಿಂದಿರಲಿಲ್ಲ, ಶ್ರಾದ್ಧಕ್ಕೆ ಕೂರುವವನು ತಿನ್ನುವಂತಿಲ್ಲ. ಹಸಿವೆ ತೊಟ್ಟಿಯ ನೀರಿನ ಹಾಗೆ ಒಳಗೆ ಅಲುಗದೆ ನಿಂತಿತ್ತು. ಕಿಟಕಿಯಾಚೆ ಒಬ್ಬಳು ಶೇಂಗಾ ಹುರಿಯುತ್ತಿದ್ದಳು. ಆ ವಾಸನೆಗೆ ಬಾಯಲ್ಲಿ ನೀರು ಬಂದು, ತನ್ನ ಬಾಯಿ ತನಗೆ ಇನ್ನೊಬ್ಬರ ನಾಯಿಯಂತೆ ಕಂಡಿತು. ತಾನು ಅದನ್ನು ಸಾಕಿದವನಲ್ಲ, ಕಟ್ಟಿದವನು ಮಾತ್ರ. ಬಿಂದುರಾಯರೂ ಹೀಗೆ ಕೂತಿದ್ದಿರಬೇಕು, ಕೀಲಿ ಹಾಕಿದ ಡಬ್ಬಿಯ ಎದುರಿಗೆ. ಹೆಂಡತಿಯ ಕೊರಳಿನ ಕೀಲಿ ನೋಡುತ್ತ. ಕಾಣದ ಆ ಮನುಷ್ಯನ ಮೇಲೆ ಅವನಿಗೆ ಮರುಕವೂ, ಸೋತವನ ಮೇಲೆ ಗೆದ್ದವನಿಗೆ ಬರುವ ತಾತ್ಸಾರವೂ ಒಟ್ಟಿಗೆ ಬಂದವು. ಆ ಮನುಷ್ಯನಿಗೆ ತೊಟ್ಟಿ ಇರಲಿಲ್ಲ, ನಡಿಗೆ ಇರಲಿಲ್ಲ. ತಾನು ಬೇರೆ. ತನ್ನದು ಹಸಿರು.

ಲಕ್ಷ್ಮೇಶ್ವರದ ಆ ಮನೆಯಲ್ಲಿ ಬಾವಿಯ ನೀರು ಸೇದಿ ಮತ್ತೆ ಸ್ನಾನ. ಹಸಿ ಧೋತರ ಹಿಂಡಿ ಉಟ್ಟು ನಡುಮನೆಯ ಮಣೆಯ ಮೇಲೆ ನಿಂತಾಗ ಅಡಿಗೆ ಮನೆಯಿಂದ ಬೆಲ್ಲ ಕುದಿಯುವ ವಾಸನೆ ಬಂತು. ಬಿಂದುರಾಯರ ಮಗ ರಾಘವೇಂದ್ರ, ಎಳೆಯ ಮೋರೆಯ ಮೇಲೆ ಅಪ್ಪನ ಕನ್ನಡಕವೇ ಇರಬೇಕು ಅನ್ನಿಸುವ ದೊಡ್ಡ ಕನ್ನಡಕ ಹಾಕಿಕೊಂಡವನು, ಎದುರು ಕೂತು ಪಾದ ತೊಳೆಯಲು ಹಿತ್ತಾಳೆಯ ತಾಟು ಇಟ್ಟ. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳಂತೆ. ನೀರು ಹಾಕಲು ಬೇರೆ ಯಾರೂ ಇಲ್ಲದೆ ಜಾನಕೀಬಾಯಿಯೇ ತಂಬಿಗೆ ಹಿಡಿದು ಬಂದರು. ಮಡಿಸೀರೆಯ ಸೆರಗು ತಲೆಯ ಮೇಲೆ, ಗಟ್ಟಿ ಕೈ, ಯಾವ ಕಡೆಗೂ ನೋಡದ ಕಣ್ಣು. ನೀರು ಬಿದ್ದಿತು. ಮಗನ ಬೆರಳುಗಳು ನೀರಿಗೆ ಸೆಟೆದು ಕೆಂಪಾದವು.

“ಭಾಳ ಥಂಡಿ ಅದ,” ಎಂದರು ಆಕೆ, ಮಗನಿಗೋ ಅವನಿಗೋ. “ಬೆಚ್ಚಗ ಮಾಡ್ಕೊಂಡು ಬರಲೇನ್ರಿ?”

“ಬ್ಯಾಡ್ರಿ. ನನಗ ಥಂಡಿ ಹತ್ತೂದಿಲ್ಲ,” ಎಂದ ಪ್ರಲ್ಹಾದ. ಮಂತ್ರದ ನಡುವೆ ಅಷ್ಟು ಮಾತು ಬೇಕಿರಲಿಲ್ಲ. ಆದರೂ ಸೇರಿಸಿದ. “ರೂಢಿ ಮಾಡ್ಕೊಂಡೀನಿ. ದಿನಾ ತಣ್ಣೀರಾಗ ಕೂಡ್ರತೀನಿ.”

ಆಕೆಯ ತಂಬಿಗೆ ನಿಂತಿತು. ಆಕೆ ಮೊದಲ ಸಲ ನೋಡಿದ್ದು ಅವನ ಮುಖವನ್ನಲ್ಲ, ಪಾದವನ್ನು. ಎಡಗಾಲಿನ ಹೆಬ್ಬೆರಳನ್ನು. “ಎರಡೂ ಕಾಲಿಗೇನು?”

“ಎರಡಕ್ಕೂ,” ಎಂದ ಅವನು, ಮಾಸ್ತರರ ಹಿತ್ತಲಿನ ಹೆಮ್ಮೆಯಲ್ಲೇ.

“ಅವರಿಗೂ ಹಿಂಗ ಆಗಿತ್ತು.” ಆಕೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಮೊದಲು ಥಂಡಿ ಹತ್ತಲಿಲ್ಲ. ನಮಗ ಛಲೋನ ಆತಂತ ಅನಿಸ್ತು. ಆಮ್ಯಾಲೆ ಒಂದಿನ ಬಚ್ಚಲದಾಗ ಕುದಿಯೂ ನೀರೊಳಗ ಕಾಲಿಟ್ಕೊಂಡು ನಿಂತಿದ್ರು. ನಾ ಚೀರಿದ ಮ್ಯಾಲೆ ಕೆಳಗ ನೋಡ್ಕೊಂಡ್ರು.”

“ಅವ್ವಾ, ಮಂತ್ರ ನಡದದ,” ಎಂದ ಮಗ. ಗುಂಡಾಚಾರ್ಯರು ಹೊತ್ತಾಗುತ್ತದೆ ಎಂಬಂತೆ ಕೆಮ್ಮಿದರು. ಮತ್ತೆ ನೀರು ಬಿತ್ತು. ಪ್ರಲ್ಹಾದ ಪಾದಗಳನ್ನು ನೋಡಿದ. ನೀರು ಬೀಳುವುದು ಕಾಣುತ್ತಿತ್ತು, ಕೇಳುತ್ತಿತ್ತು. ಮಗನ ಬೆರಳು ಗಾಯದ ಮೇಲೆ ಹಾಯ್ದು ಹೋದದ್ದೂ ಕಂಡಿತು. ಕಂಡಿತು, ಅಷ್ಟೇ.

ಅವನನ್ನು ಎಲೆಯ ಮುಂದೆ ಕೂಡಿಸಿ, ಗೋತ್ರ ಹೇಳಿ, ಬಿಂದುರಾಯರ ಹೆಸರು ಹೇಳಿ, ಇನ್ನು ಉಂಡು ಏಳುವವರೆಗೆ ನೀನೇ ಅವರು ಎಂದು ಆಚಾರ್ಯರು ಮಂತ್ರ ಹೇಳುತ್ತಿದ್ದಾಗ ಅವನು ಧೋತರದ ಕೆಳಗೆ ಕೈ ಹಾಕಿ ಹೆಬ್ಬೆರಳನ್ನು ಉಗುರಿನಿಂದ ಗೀರಿದ. ಮತ್ತೆ ಗೀರಿದ. ಬೆರಳಿನ ತುದಿ ಹಸಿಯಾಯಿತು. ಹಸಿಯಾದದ್ದು ಕೈಗೆ ಗೊತ್ತಾಯಿತು, ಕಾಲಿಗಲ್ಲ. ಹಾಗಾದರೆ ಗೆದ್ದದ್ದು ಯಾವುದು? ಅಷ್ಟು ಬೆಳಗುಗಳು, ಹನಮಂತವ್ವನ ನಗೆ, ಬಿಟ್ಟ ಅನ್ನ, ಕತ್ತಲಲ್ಲಿ ಎದ್ದು ಹೆಂಡತಿ ತಟ್ಟಿಕೊಟ್ಟ ರೊಟ್ಟಿ, ನಳಿಗೆಯ ಹಸಿರು. ಅದೆಲ್ಲ ಸುಳ್ಳಲ್ಲ. ಮೈ ಇಳಿದದ್ದು ಖರೆ, ಬಾಯಾರಿಕೆ ತಗ್ಗಿದ್ದು ಖರೆ. ಆದರೆ ಎಲ್ಲಕ್ಕಿಂತ ಯಾವುದನ್ನು ಮೆಚ್ಚಿ, ಎಲ್ಲರಿಗೂ ತೋರಿಸಿ, ಅದರ ಬಲದ ಮೇಲೆ ಉಳಿದದ್ದನ್ನು ಹೊತ್ತುಕೊಂಡಿದ್ದನೋ ಅದೇ ಸಾಯುತ್ತಿದ್ದ ಕಾಲು. ಮಾಸ್ತರರು ಸತ್ತದ್ದನ್ನು ಗೆದ್ದದ್ದು ಎಂದರು. ತಾನೂ ಎಂದ. ಅವರ ಮೇಲೆ ಸಿಟ್ಟು ಬರಲಿ ಎಂದು ಕಾದ, ಬರಲಿಲ್ಲ. ತನ್ನ ಮೈಯಲ್ಲಿ ಮೆಚ್ಚುವಂಥದ್ದು ಏನಾದರೂ ಇದೆ ಎಂದು ಯಾರು ಹೇಳಿದ್ದರೂ ತಾನು ನಂಬುತ್ತಿದ್ದೆ ಎಂಬುದು ಗೊತ್ತಿತ್ತು.

ಎಲೆ ತುಂಬಿತು. ಉದ್ದಿನ ವಡೆ, ಎಳ್ಳಿನ ಉಂಡೆ, ಅತಿರಸ, ಅನ್ನ, ತುಪ್ಪ. ನಡುವೆ ಬೆಲ್ಲದ ಗೋದಿಹುಗ್ಗಿ, ಕೆಂಪಗೆ, ಹೊಗೆಯಾಡುತ್ತ. ಪಕ್ಕದ ಎಲೆಯಲ್ಲಿ ದೇವರ ಸ್ಥಾನಕ್ಕೆ ಕರೆದು ಕೂಡಿಸಿದ್ದ ಮುದುಕ ಬ್ರಾಹ್ಮಣರು ಆಗಲೇ ಮುದ್ದೆ ಕಟ್ಟಿದ್ದರು. ಅವನು ಅನ್ನದ ಒಂದು ತುತ್ತು ತೆಗೆದುಕೊಂಡ. ಎರಡು ತುತ್ತು ಎಂದಿದ್ದಳು. ಇದು ಒಂದು. ಎರಡನೆಯದಕ್ಕೆ ಕೈ ತಾನಾಗಿಯೇ ಹುಗ್ಗಿಗೆ ಹೋಯಿತು. ಬಾಯಲ್ಲಿಟ್ಟಾಗ ಆದದ್ದನ್ನು ಅವನು ನನಗೆ ಹೇಳಲು ಪ್ರಯತ್ನಿಸಿ ಅರ್ಧಕ್ಕೇ ಬಿಟ್ಟ. ನಾಲಿಗೆ ಅಳುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲವಂತೆ. ನುಂಗಿ, ಕಣ್ಣು ಮುಚ್ಚಿ, ಆಯಿತು, ಇನ್ನು ಕೈ ಅಡ್ಡ ಇಡಬೇಕು ಎಂದುಕೊಂಡ. ಕಣ್ಣು ತೆರೆದಾಗ ಜಾನಕೀಬಾಯಿ ಹುಗ್ಗಿಯ ಪಾತ್ರೆ ಹಿಡಿದು ಎದುರು ನಿಂತಿದ್ದರು.

ಆಕೆ ಬಗ್ಗಿ ಬಡಿಸಿದರು. ಅವನ ಎಡಗೈ ತೊಡೆಯ ಮೇಲಿತ್ತು, ಅಲ್ಲೇ ಇತ್ತು. ಬಲಗೈ ಉಂಡಿತು. ಉಣ್ಣುತ್ತಿರುವವನು ಬಿಂದುರಾಯ, ತಾನಲ್ಲ ಎಂದು ಒಂದು ಸಲ ಅನ್ನಿಸಿತು. ಕೀಲಿ ಹಾಕಿದ ಡಬ್ಬಿಯ ಎದುರು ವರ್ಷಗಟ್ಟಲೆ ಕೂತವನು, ಬಾಯಿ ಸತ್ತ ಮೇಲೆ ಬೇರೆಯವರ ಬಾಯಿ ಸಿಕ್ಕವನು. ಹಾಗಾದರೆ ಇದು ಪುಣ್ಯ. ಮರುಕ್ಷಣ, ಇಷ್ಟು ರುಚಿ ಸತ್ತವನಿಗೆ ಹತ್ತುತ್ತದೆಯೇ ಎಂದು ನಾಚಿಕೆಯಾಯಿತು. ಆಮೇಲೆ ಎರಡೂ ಹೋಗಿ, ಕಾಲೇ ಹೋದ ಮೇಲೆ ಯಾವುದನ್ನು ಯಾತಕ್ಕೆ ಕಾಯಬೇಕು ಎಂಬ ಒಂದು ಕೆಟ್ಟ ನಿರಾಳ ಬಂತು. ಅತಿರಸ ಮುರಿದ. ಮತ್ತೆ ಹುಗ್ಗಿ ಬಂತು. ಮಗ ಒಂದು ಸಲ, “ಅವ್ವಾ, ಅವರಿಗೆ ಹೆಚ್ಚಾದೀತು,” ಎಂದು ಮೆಲ್ಲಗೆ ಅಂದದ್ದು ಕೇಳಿತು. “ಕೈ ಅಡ್ಡ ಮಾಡಿಲ್ಲಲ್ಲ,” ಎಂದರು ಜಾನಕೀಬಾಯಿ. ಹೌದು, ಮಾಡಿಲ್ಲ. ಅವನಿಗೆ ಬಾಯಾರಿಕೆಯಾಗಿ ತಂಬಿಗೆಯತ್ತ ನೋಡುವ ಮೊದಲೇ ಆಕೆ ನೀರು ಹಾಕುತ್ತಿದ್ದರು. ಯಾವ ತುತ್ತಿನ ಮೇಲೆ ನೀರು ಬೇಕಾಗುತ್ತದೆ ಎಂದು ಅವನಿಗಿಂತ ಮೊದಲು ಆಕೆಗೆ ಗೊತ್ತಿತ್ತು. ಒಂದು ಸಲ ತಲೆ ಎತ್ತಿಬಿಟ್ಟ. ಎತ್ತಬಾರದಿತ್ತು. ಆಕೆ ಅವನ ಬಾಯನ್ನು ನೋಡುತ್ತಿದ್ದರು. ಜ್ವರದ ಕೂಸಿಗೆ ಔಷಧ ಇಳಿಯಿತೋ ಇಲ್ಲವೋ ನೋಡುವ ಹಾಗೆ, ಅಥವಾ ಇಲಿಯ ಬೋನಿಗೆ ಇಟ್ಟ ರೊಟ್ಟಿಯ ಚೂರನ್ನು ನೋಡುವ ಹಾಗೆ. ಆ ನೋಟವನ್ನು ಹಿಡಿದಿಟ್ಟುಕೊಳ್ಳುವ ಮೊದಲೇ ಅದು ಎಲೆಯ ಮೇಲೆ ಬಿತ್ತು.

ಕೊನೆಗೆ ಮಗ ಕೈಮುಗಿದು ಕೇಳಿದ: “ತೃಪ್ತಾಃ ಸ್ಥ?” ಮುದುಕರು ಆಯಿತೆಂದರು. ಅಪ್ಪ ಈ ಮಾತಿಗೆ ಒಂದು ದೊಡ್ಡ ತೇಗು ತೇಗಿ ಉತ್ತರ ಹೇಳುತ್ತಿದ್ದ, ಮನೆಯವರೆಲ್ಲ ನಗುಮೋರೆಯಾಗುತ್ತಿದ್ದರು. ಪ್ರಲ್ಹಾದನಿಗೆ ಬಾಯಿ ಬರಲಿಲ್ಲ. ಯಾಕೆಂದರೆ ಹೊಟ್ಟೆ ಬಿರಿಯುತ್ತಿತ್ತು, ಧೋತರದ ಗಂಟು ಸೊಂಟಕ್ಕೆ ಹೂತಿತ್ತು, ಮತ್ತು ಅವನಿಗೆ ಇನ್ನೂ ಬೇಕಾಗಿತ್ತು. ಗುಂಡಾಚಾರ್ಯರು ಕಣ್ಣು ಸನ್ನೆ ಮಾಡಿದರು. “ತೃಪ್ತಾಃ ಸ್ಮಃ,” ಎಂದ. ಹೆಂಡತಿಯ ತಲೆ ಮುಟ್ಟಿ ಮಾಡಿದ ಆಣೆ ಮುರಿದು, ಆ ಬಾಯಿಂದಲೇ ಪಿತೃಗಳ ಎದುರು ಈ ಸುಳ್ಳು. ಮಗ ಕಾಲಿಗೆ ಬಿದ್ದು ಬಹಳ ಹೊತ್ತು ಏಳಲಿಲ್ಲ, ಅಳುತ್ತಿದ್ದ. ಅವನ ಕಣ್ಣೀರು ಪಾದದ ಮೇಲೆ ಬಿದ್ದಿದ್ದರೂ ಪ್ರಲ್ಹಾದನಿಗೆ ತಿಳಿಯುವಂತಿರಲಿಲ್ಲ.

ಹಿತ್ತಲಿನಲ್ಲಿ ಕೈ ತೊಳೆಯಲು ನೀರು ಹಾಕಿದ್ದೂ ಜಾನಕೀಬಾಯಿಯೇ. ಆಕೆಯ ಮುಖ, ಬಹಳ ದಿನದ ಹೊರೆ ಇಳಿಸಿದವರ ಮುಖದಂತೆ ಸಡಿಲಾಗಿತ್ತು. ಅವನು ಎಲ್ಲವನ್ನೂ ಹೇಳಿಬಿಡಬೇಕೆಂದುಕೊಂಡ. ನನಗೂ ಅದೇ ಬೇನೆ, ನಾನು ಕೂರಬಾರದಿತ್ತು, ನಿಮ್ಮ ಶ್ರಾದ್ಧ ಕೆಟ್ಟಿತು ಎಂದು. ಬಾಯಿ ತೆರೆದಾಗ ಬಂದದ್ದು, “ಹುಗ್ಗಿ ಛಲೋ ಆಗಿತ್ರಿ,” ಎಂಬ ಮಾತು.

“ಅವರೂ ಹಂಗ ಅಂತಿದ್ರು,” ಎಂದರು ಆಕೆ. ತಂಬಿಗೆ ಖಾಲಿಯಾಗಿತ್ತು, ಆದರೂ ಹಿಡಿದೇ ನಿಂತಿದ್ದರು. “ಮುಂದಿನ ವರ್ಷನೂ ನೀವ ಬರ್ರಿ.” ಆಮೇಲೆ ಕಣ್ಣು ಕೆಳಗಿಳಿಸಿ, ಅವನ ಎಡಗಾಲನ್ನು ನೋಡಿ, “ಬರಲಿಕ್ಕೆ ಆದ್ರ,” ಎಂದರು.

ಸಂಜೆ ಮನೆಯಲ್ಲಿ ವಿಮಲಾ ವೈನಿ ಏನು ಕೇಳಿದರು, ಅವರು ಏನು ಹೇಳಿದರು ಎಂಬುದನ್ನು ರಾಯರು ನನಗೆ ಹೇಳಲಿಲ್ಲ. ಇಷ್ಟನ್ನು ಹೇಳಿದ್ದು ಒಂದು ಬೆಳಿಗ್ಗೆ ದಾರಿಯ ನಡುವೆ ನಿಂತು. “ದೇವಪ್ಪ, ಆಕಿ ನನ್ನ ಕಾಲು ನೋಡಿದ ಮ್ಯಾಲೂ ಬಡಿಸಿದಳಲ್ಲೋ. ಗಂಡಗ ಕೊಡಲಿಲ್ಲ ಅನ್ನೂ ಸಂಕಟಕ್ಕ ಬಡಿಸಿದಳೋ? ನನ್ನಂಥಾವಗ ಇದ ತಕ್ಕದ್ದು ಅಂತ ಬಡಿಸಿದಳೋ?” ಎಂದು ಕೇಳಿದರು. ಗಾಯ ತೋರಿಸಲು ಡಾಕ್ಟರರ ಹತ್ತಿರ ಹೋಗೋಣ ಎಂದೆ ನಾನು. ಹೋದೆವು. ಬೆರಳು ಉಳಿಯಲಿಲ್ಲ. ಕುಬೇರಪ್ಪನವರು ದವಾಖಾನೆಗೆ ಬಂದು ಹಾಸಿಗೆಯ ಬದಿಗೆ ಕೂತು ಎದ್ದುಹೋದರು. ಮರುದಿನ ಅವರ ತೊಟ್ಟಿಯಲ್ಲಿ ಬೇರೆ ಯಾರೋ ಕೂತಿದ್ದರು. ಆಮೇಲೆ ರಾಯರಿಗೆ ಮುಂಡರಗಿಯ ಶಾಖೆಗೆ ವರ್ಗವಾಯಿತು.

ಅವರ ಪ್ರಶ್ನೆಯನ್ನು ಇಷ್ಟು ವರ್ಷವಾದರೂ ನಾನು ಹೊತ್ತು ತಿರುಗುತ್ತಿದ್ದೇನೆ. ಆ ತಾಯಿ ಯಾರಿಗೆ ಬಡಿಸಿದರು ಎಂಬುದು ನನಗೆ ಗೊತ್ತಿಲ್ಲ. ರಾಯರು ಯಾರ ಹಸಿವೆಯನ್ನು ಉಂಡರು ಎಂಬುದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಮುಂದಿನ ಪುಷ್ಯದಲ್ಲಿ ಬಿಂದುರಾಯರ ಎಲೆಯ ಮುಂದೆ ಲಕ್ಷ್ಮೇಶ್ವರದಲ್ಲಿ ಯಾರು ಕೂತರು, ಅದೂ ನನಗೆ ತಿಳಿಯದು.